ಹಾರವಿಲ್ಲದ ಫೋಟೋ

ಲೀಲಾವತಿ ಉಂಗುರದ ಬೆರಳನ್ನು ಕುಂಕುಮದಲ್ಲಿ ಅದ್ದಿ ಹಣೆಯ ಮೇಲೆ ಮೂರನೆಯ ಸಲ ಒತ್ತಿದರು. ನಿನ್ನೆಯವರೆಗೆ ಮೆಣಸಿನ ಕಾಳಿನಷ್ಟಿರುತ್ತಿದ್ದ ಬೊಟ್ಟು ಇವತ್ತು ಅಗಲವಾಗಿ ಹಣೆ ತುಂಬಿಕೊಂಡಿತು. ಒತ್ತಿದ ಭರಕ್ಕೆ ಒಂದಿಷ್ಟು ಪುಡಿ ಮೂಗಿನ ಮೇಲೆ ಉದುರಿತು.

ಮಗಳು ಗೀತಾ ಒರೆಸಲು ಟಿಶ್ಯೂ ತೆಗೆದಳು.

"ಇರ್ಲಿ ಬಿಡು," ಎಂದರು ಲೀಲಾವತಿ.

ಮೂಗಿನ ಮೇಲೆ ಕುಂಕುಮ ಉದುರಿದರೆ ಗಂಡನಿಗೆ ಬಲು ಪ್ರೀತಿ ಎಂದು ಹೆಂಗಸರು ರೇಗಿಸುವುದುಂಟು. ಆ ಗಂಡ, ಸತ್ಯಪ್ರಕಾಶರು, ಪಕ್ಕದ ಹಾಲಿನಲ್ಲಿ ಮರದ ಪೆಟ್ಟಿಗೆಯೊಳಗೆ ರೇಷ್ಮೆ ಪಂಚೆ ಉಟ್ಟು ಮಲಗಿದ್ದರು. ಹ್ಯೂಸ್ಟನ್ನಿನ ಪಕ್ಕದ ಪೇರ್ಲ್ಯಾಂಡಿನ ಆ ಫ್ಯೂನೆರಲ್ ಹೋಮಿನವರು ಒಂದರಿಂದ ಮೂರು ಗಂಟೆಯವರೆಗೆ ಸಮಯ ಕೊಟ್ಟಿದ್ದರು. ನಲವತ್ತಾರು ವರ್ಷದ ಸಂಸಾರಕ್ಕೆ ಎರಡು ಗಂಟೆ. ಅದರಲ್ಲಿ ಹತ್ತು ನಿಮಿಷ ಈ ಬಾತ್‌ರೂಮಿನ ಕನ್ನಡಿಯ ಮುಂದೆಯೇ ಕಳೆದಿತ್ತು.

ಬಾಗಿಲ ಬಳಿ ಅನಸೂಯಮ್ಮ ನಿಂತಿದ್ದರು. ಹ್ಯೂಸ್ಟನ್ನಿನ ಕನ್ನಡದವರಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲ ಫೋನು ಹೋಗುವುದು ಇವರಿಗೆ. ದರ್ಭೆ, ಎಳ್ಳು, ಪುರೋಹಿತರ ನಂಬರು ಎಲ್ಲವೂ ಇವರ ಕಾರಿನ ಡಿಕ್ಕಿಯಲ್ಲೇ ಇರುತ್ತವೆಂದು ಜನ ಬೆನ್ನ ಹಿಂದೆ ನಗುತ್ತಾರೆ. ಹೊತ್ತು ಬಂದಾಗ ಅವರನ್ನೇ ಹುಡುಕಿಕೊಂಡು ಹೋಗುತ್ತಾರೆ.

"ಲೀಲಾ, ಬಳೆ ತೆಗೆಯೋದು ಗಿಗೆಯೋದು ಏನೂ ಬೇಡ. ಆ ಕಾಲ ಹೋಯ್ತು," ಎಂದರು ಅನಸೂಯಮ್ಮ. "ಎಲ್ಲಾ ಮುಗಿದ ಮೇಲೆ ಇಲ್ಲೇ ಬಂದು ಮುಖ ತೊಳ್ಕೊಂಡ್ಬಿಡಿ, ಸಾಕು. ಹತ್ತನೇ ದಿನ ಮಾಡ್ಬೇಕಾದ್ದು. ಆದ್ರೆ ಇಲ್ಲಿ ಯಾರಿಗೆ ರಜ ಸಿಗತ್ತೆ ಹೇಳಿ? ಎಲ್ಲರೂ ಅವತ್ತೇ ಮುಗಿಸ್ತಾರೆ. ಟವೆಲ್ ನಾನು ತಂದಿದ್ದೀನಿ."

"ಆಂಟಿ, ಅಮ್ಮ ಕುಂಕುಮ ಇಟ್ಕೊಳ್ಳಲಿ. ಈಗ ಯಾರೇನಂತಾರೆ?" ಗೀತಾಳ ದನಿ ಸ್ವಲ್ಪ ಏರಿತು.

"ನಾನೆಲ್ಲಮ್ಮಾ ಬೇಡ ಅಂದೆ? ಅವರಿಷ್ಟ."

ಅವರಿಷ್ಟ! ತೊಡಕಿದ್ದದ್ದೇ ಅಲ್ಲಿ. ಇಷ್ಟವೇನೋ ಇತ್ತು. ಬಾಯಿಬಿಟ್ಟು ಹೇಳಿದರೆ ಅಳು ಬಂದೀತು ಎನ್ನುವಷ್ಟು ಇತ್ತು. ಬುದ್ಧಿ ತಿಳಿದಾಗಿನಿಂದ ಲೀಲಾವತಿ ಬರಿಯ ಹಣೆಯಲ್ಲಿ ಕನ್ನಡಿ ನೋಡಿದವರಲ್ಲ. ಆದರೆ ತಾನಾಗಿ ಇಟ್ಟುಕೊಳ್ಳುವುದು ಬೇರೆ, ಇನ್ನೊಬ್ಬರು ಕರೆದು ಕೊಡುವುದು ಬೇರೆ. ಅವರ ತಾಯಿ ಮೂವತ್ತೆಂಟಕ್ಕೇ ಗಂಡನನ್ನು ಕಳೆದುಕೊಂಡವರು. ಆಮೇಲೆ ಎಷ್ಟೋ ಮದುವೆಮನೆಗಳಲ್ಲಿ ಅರಿಶಿನ ಕುಂಕುಮದ ತಟ್ಟೆ ತಾಯಿಯ ಮುಂದೆ ಬಂದು, ಚೂರು ಓರೆಯಾಗಿ, ಪಕ್ಕದವರತ್ತ ಸರಿದುಹೋಗುವುದನ್ನು ಲೀಲಾವತಿ ನೋಡಿದ್ದರು. ಯಾರೂ ಬೈಯುತ್ತಿರಲಿಲ್ಲ, ಬೇಡವೆನ್ನುತ್ತಲೂ ಇರಲಿಲ್ಲ. ತಟ್ಟೆ ಸುಮ್ಮನೆ ಮುಂದೆ ಹೋಗುತ್ತಿತ್ತು. ಇನ್ನು ತನ್ನ ಮುಂದೆಯೂ ಹಾಗೇ ಹೋಗುತ್ತದಲ್ಲ ಎಂಬುದೇ ಅವರ ಭಯ. ಯಾರೂ ಕೊಡದ ಕುಂಕುಮವನ್ನು ತಾನೇ ಇಟ್ಟುಕೊಂಡರೆ ಕದ್ದು ತಿಂದ ಹಾಗಾಗುತ್ತದೆ. ಇದನ್ನು ಮಗಳಿಗೆ ಬಿಡಿಸಿ ಹೇಳುವುದು ಹೇಗೆ?

"ನಡೀರಿ, ಜನ ಬರ್ತಿದ್ದಾರೆ," ಎಂದಷ್ಟೇ ಹೇಳಿ ಹೊರಟರು.

ಹಾಲಿನಲ್ಲಿ ನಲವತ್ತು ಜನ ಸೇರಿದ್ದರು. ಡಾಲಸ್ಸಿನಿಂದ ನಂಜುಂಡಸ್ವಾಮಿ ಬಂದಿದ್ದರು. ಮೈಸೂರಿನ ಟೆಲಿಫೋನ್ ಇಲಾಖೆಯಲ್ಲಿ ಸತ್ಯಪ್ರಕಾಶರ ಜೊತೆ ಕೆಲಸ ಮಾಡಿದವರು. ಕೈಯಲ್ಲಿ ಹೂವಿನ ಪೊಟ್ಟಣ ಹಿಡಿದು ಪೆಟ್ಟಿಗೆಯ ಬಳಿ ನಿಂತಿದ್ದರು.

"ಲೈನ್‌ಮ್ಯಾನ್ ಆಗಿ ಸೇರ್ದ, ಲೈನ್ ಇನ್ಸ್‌ಪೆಕ್ಟರ್ ಆಗಿ ರಿಟೈರ್ ಆದ. ಇಷ್ಟೇ ಇವನ ಕತೆ," ಎಂದರು. "ಎಲ್ಲಿಗೆ ಕರ್ಕೊಂಡು ಹೋದ್ರೂ ಮೊದಲು ಕಂಬ ನೋಡ್ಬೇಕು ಇವನಿಗೆ. ಆಸ್ಟಿನ್‌ಗೆ ಹೋಗಿ ಕ್ಯಾಪಿಟಲ್ ಬಿಲ್ಡಿಂಗ್ ತೋರಿಸಿದ್ರೆ, ಅದಕ್ಕೆ ಬೆನ್ನು ಹಾಕಿ ನಿಂತು, 'ನಂಜುಂಡ, ಆ ಜಾಯಿಂಟ್ ನೋಡೋ, ಎಷ್ಟು ಚೆನ್ನಾಗಿ ಹಾಕಿದ್ದಾರೆ' ಅಂತಾನೆ."

ಸುತ್ತಲಿದ್ದವರು ಮೆಲ್ಲಗೆ ನಕ್ಕರು. ಲೀಲಾವತಿಗೂ ನಗು ಬಂತು. ಗಂಡನ ಹೆಣದ ಮುಂದೆ ನಗು ಬಂತಲ್ಲ ಎಂದು ನಾಚಿಕೆಯೂ ಆಯಿತು.

ಆಸ್ಟಿನ್‌ನಲ್ಲಿ ಓದುತ್ತಿದ್ದ ಮೊಮ್ಮಗಳು ಇಶಾ ಬೆಳಿಗ್ಗೆಯೇ ಡ್ರೈವ್ ಮಾಡಿಕೊಂಡು ಬಂದಿದ್ದಳು. ಅವಳ ಕಣ್ಣೆಲ್ಲ ಬಾಗಿಲ ಮೇಲೆಯೇ ಇತ್ತು.

"ಯಾರಿಗೆ ಕಾಯ್ತಿದ್ದೀಯ ಪುಟ್ಟ?"

"ವಿಲ್ಮಾ. ತಾತನ ಡೈರಿಯಲ್ಲಿ ನಂಬರ್ ಇತ್ತು ಅಜ್ಜಿ. ಐ ಕಾಲ್ಡ್ ಹರ್. ಬರ್ತೀನಿ ಅಂದ್ರು."

"ಅಷ್ಟು ದೂರದಿಂದಲಾ? ಎಂಬತ್ತರ ಹತ್ರ ಆಗಿರ್ಬೇಕಲ್ಲೇ ಅವರಿಗೆ!"

ಪ್ರತಿ ಡಿಸೆಂಬರಿನಲ್ಲಿ, ಅವರನ್ನು ಮೊದಲು ಕಂಡ ತಾರೀಕಿಗೆ, ಸತ್ಯಪ್ರಕಾಶರು ವಿಲ್ಮಾಗೆ ತಪ್ಪದೆ ಫೋನು ಮಾಡುತ್ತಿದ್ದರು. "ಹಲೋ ಮೇಡಂ, ಲೈನ್ ಓಕೆ?" ಎನ್ನುವರು. ಆ ಕಡೆಯಿಂದ ನಗು ಕೇಳಿಸುತ್ತಿತ್ತು. ಎರಡು ನಿಮಿಷದ ಮಾತು, ಅಷ್ಟೆ. ಕಳೆದ ತಿಂಗಳೂ ಮಾಡಿದ್ದರು.

*

ಐದು ವರ್ಷದ ಹಿಂದೆ, ೨೦೧೩ರ ಡಿಸೆಂಬರಿನಲ್ಲಿ, ಗಂಡ ಹೆಂಡತಿ ಮೊದಲ ಸಲ ಅಮೆರಿಕಕ್ಕೆ ಬಂದಿದ್ದರು. ಡಾಲಸ್ಸಿನಲ್ಲಿ ನಂಜುಂಡಸ್ವಾಮಿಯವರ ಜೊತೆ ನಾಲ್ಕು ದಿನ ಇದ್ದು ಹ್ಯೂಸ್ಟನ್ನಿಗೆ, ಮಗಳ ಮನೆಗೆ, ವಾಪಸು ಹೊರಟರು. ಅಳಿಯ ಕಾರು ತರುತ್ತೇನೆಂದರೂ, ಬಸ್ಸಿನಲ್ಲಿ ಹೋಗದಿದ್ದರೆ ದೇಶ ನೋಡಿದ ಹಾಗಲ್ಲ ಎಂದು ಹಟ ಹಿಡಿದವರು ಸತ್ಯಪ್ರಕಾಶರು. ದೇಶ ಚೆನ್ನಾಗಿಯೇ ಕಾಣಿಸಿತು. ದಾರಿಯಲ್ಲಿ ಕಾರ್ಸಿಕಾನಾ ಎಂಬ ಊರು ದಾಟುತ್ತಿದ್ದ ಹಾಗೆ ಮಳೆ ಬಿದ್ದಲ್ಲೇ ಹೆಪ್ಪುಗಟ್ಟತೊಡಗಿತು. ಡ್ರೈವರು ಬಸ್ಸನ್ನು ಹೆದ್ದಾರಿಯಿಂದಿಳಿಸಿ ಒಂದು ಸಣ್ಣ ಊರಿನ ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿ, ನಾಳೆಯವರೆಗೆ ಏನೂ ಮಾಡಲಾಗದೆಂದು ಕೈಚೆಲ್ಲಿದ.

ಮಧ್ಯಾಹ್ನ ಮೂರರ ಹೊತ್ತಿಗೆ ರಸ್ತೆಯಾಚೆಯ ಮನೆಯಿಂದ ಕಪ್ಪು ಉಡುಪಿನ ಹೆಂಗಸೊಬ್ಬರು ಸಲಿಕೆಯೊಂದನ್ನು ಊರಿಕೊಂಡು ಜಾಗ್ರತೆಯಾಗಿ ನಡೆದು ಬಂದರು. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಮೊಮ್ಮಗಳ ಬೂಟು ಹಾಕಿಕೊಂಡು ನಡುಗುತ್ತಿದ್ದ ಲೀಲಾವತಿಯ ಮುಂದೆ ನಿಂತು, ವಿಲ್ಮಾ ಎಂದು ಹೆಸರು ಹೇಳಿಕೊಂಡು, ಇನ್ನೂ ಏನೋ ಹೇಳಿದರು.

"ಏನಂತೆ?" ಎಂದರು ಲೀಲಾವತಿ.

"ಇಬ್ಬರಿಗೆ ಹಾಸಿಗೆ ಇದೆಯಂತೆ. ಊಟ ಬೇಕಾದಷ್ಟು ಇದೆಯಂತೆ. ಬನ್ನಿ ಅಂತಿದ್ದಾರೆ," ಎಂದರು ಸತ್ಯಪ್ರಕಾಶರು. ಗುರುತಿಲ್ಲ, ಪರಿಚಯವಿಲ್ಲ. ಆದರೆ ಚಳಿ ಎಲುಬಿಗೆ ಇಳಿದಿತ್ತು. ಹೋದರು.

ಮನೆಯ ತುಂಬ ಹೂವು. ಮೇಜಿನ ಮೇಲೆ ಮುಚ್ಚಿಟ್ಟ ಪಾತ್ರೆಗಳು ಹದಿನೈದಕ್ಕೆ ಕಡಿಮೆಯಿರಲಿಲ್ಲ. ಉಣ್ಣುವವರು ಮಾತ್ರ ಒಬ್ಬರೂ ಇಲ್ಲ. ಕರೆಂಟು ಹೋಗಿ ಮೇಣದಬತ್ತಿ ಹಚ್ಚಿದ್ದರು. ಹೂವಿನ ನಡುವೆ ಅಗಲ ಅಂಚಿನ ಟೋಪಿ ಹಾಕಿ ನಗುತ್ತಿದ್ದ ಗಂಡಸಿನ ಫೋಟೋ ಇತ್ತು.

"ಏನೋ ಫಂಕ್ಷನ್ ಇತ್ತು ಕಣೇ. ಹಿಮಕ್ಕೆ ಹೆದರಿ ನೆಂಟರೆಲ್ಲ ಬೇಗ ಹೊರಟುಬಿಟ್ಟಿದ್ದಾರೆ. ಹುಟ್ಟುಹಬ್ಬ ಇರ್ಬೇಕು," ಎಂದು ಸತ್ಯಪ್ರಕಾಶರು ತೀರ್ಮಾನಿಸಿದರು. ಕೇಳುವ ಮನುಷ್ಯನಲ್ಲ ಅವರು. ನೆಟ್ಟಗೆ ನಿಂತು ಹಾರೈಸಿಯೇಬಿಟ್ಟರು. "ಮೆನಿ ಹ್ಯಾಪಿ ರಿಟರ್ನ್ಸ್ ಆಫ್ ದಿ ಡೇ, ಮೇಡಂ!"

ವಿಲ್ಮಾ ದಂಗಾಗಿ ಅವರನ್ನೇ ನೋಡಿದರು. ಆಮೇಲೆ ನಗತೊಡಗಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮಾಂಸ ತಿನ್ನುವುದಿಲ್ಲವೆಂದು ತಿಳಿದ ಮೇಲೆ ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು, ಮೂಸಿ, ಆಲೂಗಡ್ಡೆ, ಜೋಳ, ಬ್ರೆಡ್ಡು, ಪೀಚ್ ಹಣ್ಣಿನ ಪೈ ಆರಿಸಿ ಬಡಿಸಿದರು. ಎದುರು ಕೂತು ತಾವೂ ತಿಂದರು.

ಉಂಡ ಮನೆಗೆ ಏನಾದರೂ ಮಾಡಬೇಕಲ್ಲ. ಸತ್ಯಪ್ರಕಾಶರು ಫೋನು ಎತ್ತಿ ನೋಡಿದರು, ಸತ್ತಿತ್ತು. ಹೊರಗೆ ಮಂಜುಗಟ್ಟಿದ ಕೊಂಬೆ ಬಿದ್ದು ಗೋಡೆಯ ಡಬ್ಬಿಯಿಂದ ತಂತಿ ಕಿತ್ತುಬಂದಿತ್ತು. ಗ್ಯಾರೇಜಿನಲ್ಲಿ ಇಕ್ಕಳ ಹುಡುಕಿ, ಬೆರಳು ಮರಗಟ್ಟುವ ಚಳಿಯಲ್ಲಿ ಹತ್ತು ನಿಮಿಷ ನಿಂತು ತಂತಿ ಸೇರಿಸಿದರು. ತಕ್ಷಣ ಫೋನು ಹೊಡೆದುಕೊಂಡಿತು. ಇಟ್ಟರೆ ಮತ್ತೊಂದು, ಅದು ಮುಗಿದರೆ ಇನ್ನೊಂದು. ವಿಲ್ಮಾ ಒಬ್ಬೊಬ್ಬರ ಹತ್ತಿರವೂ ಮೆಲುದನಿಯಲ್ಲಿ ಮಾತಾಡಿದರು.

"ಎಷ್ಟು ಜನ ಬೇಕಾದವರು ನೋಡು ಈಯಮ್ಮನಿಗೆ," ಎಂದು ಸತ್ಯಪ್ರಕಾಶರು ಹಿಗ್ಗಿದರು.

ಮಾರನೆಯ ದಿನ ಬಿಸಿಲೇರಿದ ಮೇಲೆ ಬಸ್ಸು ಹೊರಡುವುದೆಂದಾಯಿತು. ಬರಿಗೈಯಲ್ಲಿ ಹೇಗೆ ಹೊರಡುವುದು? ಲೀಲಾವತಿಯ ಚೀಲದಲ್ಲಿ ಒಂದು ರವಿಕೆ ಕಣ, ಎರಡು ಕಿತ್ತಳೆ, ಚಾಮುಂಡಿ ಬೆಟ್ಟದಲ್ಲಿ ಕೊಂಡ ಕೆಂಪು ಕುಂಕುಮದ ಭರಣಿ ಇದ್ದವು. ಭರಣಿ ಕೈಗೆತ್ತಿಕೊಂಡವರು ಅನುಮಾನಿಸಿದರು.

"ರೀ, ಇವರ ಯಜಮಾನರು ಇದ್ದಾರೋ ಇಲ್ವೋ? ಮನೇಲಿ ಕಾಣ್ಲೇ ಇಲ್ಲ."

"ಫೋಟೋ ನೋಡ್ಲಿಲ್ವಾ? ಹಾರ ಹಾಕಿದ್ರಾ?"

"ಇಲ್ಲ."

"ಮತ್ತೆ? ಇದ್ದಾರೆ. ಎಲ್ಲೋ ಕ್ಯಾಂಪ್ ಹೋಗಿರ್ಬೇಕು."

ಸರಿ ಅನ್ನಿಸಿತು. ಲೀಲಾವತಿ ಕಣವನ್ನೂ ಹಣ್ಣನ್ನೂ ಕೊಟ್ಟು, ವಿಲ್ಮಾರ ನರೆಗೂದಲನ್ನು ಹಿಂದೆ ಸರಿಸಿ, ಹಣೆಗೆ ಕುಂಕುಮವಿಟ್ಟರು. ಆ ಹೆಂಗಸು ಕಣ್ಣು ಮುಚ್ಚಿ ನಿಂತಿದ್ದರು, ಬಹಳ ಹೊತ್ತು ತೆರೆಯಲಿಲ್ಲ. ಇಷ್ಟು ಇಷ್ಟವಾಯಿತೇ ಎಂದುಕೊಂಡು ಲೀಲಾವತಿ ಭರಣಿಯನ್ನೂ ಅವರ ಕೈಯಲ್ಲೇ ಇಟ್ಟುಬಂದರು.

*

ಕರ್ಮವೆಲ್ಲ ಮುಗಿಯಿತು. ಗೀತಾ ತಂದೆಯ ಬಾಯಿಗೆ ಅಕ್ಕಿಕಾಳು ಹಾಕಿ, ಒಳಗಿನ ದಹನದ ಕೋಣೆಯಲ್ಲಿ ಹಸಿರು ಗುಂಡಿ ಒತ್ತಿದಳು. ಗೋಡೆಯಾಚೆ ಗುಂಯ್ ಎಂಬ ಸದ್ದು ಶುರುವಾಯಿತು. ಬೆಂಕಿ ಕಾಣಿಸಲಿಲ್ಲ. ಕಂಡಿದ್ದರೆ ಒಂದು ಸಲ ಗಟ್ಟಿಯಾಗಿ ಅತ್ತುಬಿಡಬಹುದಿತ್ತು ಎನ್ನಿಸಿತು ಲೀಲಾವತಿಗೆ.

ತಾವಾಗಿಯೇ ಬಾತ್‌ರೂಮಿಗೆ ಹೋಗಿ ಮುಖ ತೊಳೆದರು. ಸಿಂಕಿನಲ್ಲಿ ಕೆಂಪು ನೀರು ಸುತ್ತಿ ಇಳಿದುಹೋಯಿತು. ಅನಸೂಯಮ್ಮ ಟವೆಲು ಕೊಟ್ಟು ಬೆನ್ನು ಸವರಿದರು. ಕನ್ನಡಿಯಲ್ಲಿದ್ದವಳು ಲೀಲಾವತಿಯಲ್ಲ, ಅವರ ತಾಯಿ.

ಹೊರಗೆ ಜನ ಒಬ್ಬೊಬ್ಬರಾಗಿ ಹೊರಡುತ್ತಿದ್ದರು. ಸಾವಿನ ಹೊತ್ತಲ್ಲಿ ಬರ್ತೀವಿ ಎನ್ನಬಾರದು, ಹಾಗಾಗಿ ಕೈಮುಗಿದು ಮಾತಿಲ್ಲದೆ ಹೋಗುತ್ತಿದ್ದರು. ಆಗ ಇಶಾ ಬಾಗಿಲಿಗೆ ಓಡಿದಳು. ಅದೇ ಕಪ್ಪು ಉಡುಪು. ಬೆನ್ನು ಇನ್ನಷ್ಟು ಬಾಗಿತ್ತು. ಒಂದು ಕೈಯಲ್ಲಿ ಅಲ್ಯೂಮಿನಿಯಂ ಹಾಳೆ ಮುಚ್ಚಿದ ಪಾತ್ರೆ, ಹೆಗಲಲ್ಲಿ ಚೀಲ. ಮೂರೂವರೆ ಗಂಟೆ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದಿದ್ದರು.

ವಿಲ್ಮಾ ಮೊದಲು ಪಾತ್ರೆಯನ್ನು ಎತ್ತಿ ತೋರಿಸಿ ಏನೋ ಅಂದರು.

"ಪೀಚ್ ಪೈ. ಮೀಟ್ ಇಲ್ಲ ಅಂತಿದ್ದಾರೆ," ಎಂದಳು ಇಶಾ.

ಲೀಲಾವತಿಗೆ ಆಗ ಅಳು ಬಂತು. ಬೆಳಗಿನಿಂದ ಬಾರದಿದ್ದದ್ದು ಈಗ ಒಟ್ಟಿಗೆ ಬಂತು. ವಿಲ್ಮಾ ಪಾತ್ರೆಯನ್ನು ಗೀತಾಳ ಕೈಗೆ ಕೊಟ್ಟು, ಲೀಲಾವತಿಯ ಪಕ್ಕ ಕೂತು, ಅವರ ಕೈ ಹಿಡಿದುಕೊಂಡು ನಿಧಾನವಾಗಿ ಮಾತಾಡಿದರು. ಇಶಾ ತನಗೆ ಬರುವ ಕನ್ನಡದಲ್ಲಿ ತಡೆತಡೆದು ಹೇಳತೊಡಗಿದಳು.

"ಅಜ್ಜಿ... ಅವತ್ತು ನೀವು ಅವರ ಮನೆಗೆ ಹೋದ್ರಲ್ಲ, ಅವತ್ತು ಮಾರ್ನಿಂಗ್ ಅವರ ಹಸ್ಬೆಂಡ್ ಫ್ಯೂನೆರಲ್ ಆಗಿತ್ತಂತೆ. ಕ್ಲೈಡ್ ಅಂತ. ಆ ಫೋಟೋ. ಆ ಊಟ ಎಲ್ಲಾ ಅದಕ್ಕೇ ಜನ ತಂದಿದ್ದು."

ಲೀಲಾವತಿಯ ಅಳು ನಿಂತೇಹೋಯಿತು. ಹೂವು, ಕಪ್ಪು ಉಡುಪು, ಬಿಡದೆ ಬಂದ ಫೋನುಗಳು, ಹ್ಯಾಪಿ ರಿಟರ್ನ್ಸ್. ಅಯ್ಯೋ, ಹಾರವಿಲ್ಲದ ಆ ಫೋಟೋ! ಗಂಡನನ್ನು ಮಣ್ಣು ಮಾಡಿ ಒಂದು ದಿನವೂ ಆಗದ ಹೆಂಗಸಿನ ಹಣೆಗೆ ತಾನು ಕುಂಕುಮ ಇಟ್ಟುಬಂದೆನೇ?

"ಯಾಕೆ ಹೇಳ್ಲಿಲ್ಲ ಅಂತ ಕೇಳು," ಎಂದರು.

"ಹೇಳಿದ್ರೆ ನೀವು ಊಟ ಮಾಡ್ತಿರ್ಲಿಲ್ಲ ಅಂತೆ. ವಾಪಸ್ ಬಸ್‌ಗೆ ಹೋಗ್ಬಿಡ್ತಿದ್ರಿ ಅಂತೆ. ಅವರಿಗೆ ಒಬ್ಬರೇ ತಿನ್ನಕ್ಕೆ ಆಗ್ತಿರ್ಲಿಲ್ಲ. ತಾತ ಹಾಗೆ ಹೇಳಿದ್ರಲ್ಲ, ಬರ್ತ್‌ಡೇ ಅಂತ, ಕ್ಲೈಡ್ ಹೋಗಿ ಮೂರು ದಿನ ಆದ್ಮೇಲೆ ಅವರು ಫಸ್ಟ್ ನಕ್ಕಿದ್ದು ಆಗಲೇ." ಇಶಾ ಮೂಗೊರೆಸಿಕೊಂಡಳು. "ಆಮೇಲೆ ಎವೆರಿ ಇಯರ್ ಆ ಫ್ಯೂನೆರಲ್ ಡೇಟ್‌ಗೆ ಮರೀದೇ ಕಾಲ್ ಮಾಡೋದು ತಾತ ಒಬ್ಬರೇ ಅಂತೆ."

ವಿಲ್ಮಾ ಚೀಲಕ್ಕೆ ಕೈ ಹಾಕಿ ಕೆಂಪು ಭರಣಿ ತೆಗೆದರು. ಮುಚ್ಚಳದ ಅಂಚು ಸವೆದು ಬಿಳಿಚಿತ್ತು. ಒಳಗೆ ಕುಂಕುಮ ಅರ್ಧಕ್ಕಿಂತ ಕೆಳಗಿಳಿದಿತ್ತು.

"ಅವರು ಹೇಳ್ತಾರೆ, ಎಲ್ಲರೂ ಸಾರಿ ಅಂತ ಹೇಳಿ ದೂರ ನಿಂತ್ರು. ನೀವೊಬ್ಬರೇ ಹಣೆ ಮುಟ್ಟಿದ್ದು ಅಂತ. ಹಸ್ಬೆಂಡ್ ಹೋದಾಗ ನಿಮ್ಮ ಕಂಟ್ರಿಯಲ್ಲಿ ಹೀಗೆ ಮಾಡ್ತಾರೆ ಅಂತ ಅವರು... ಅದಕ್ಕೇ ಇವತ್ತು ತಂದಿದ್ದಾರೆ. ಅಜ್ಜಿ, ನಾನು ಹೇಳ್ಲಾ ಅವರಿಗೆ, ಇಟ್ಸ್ ಆಕ್ಚುವಲಿ..."

ಲೀಲಾವತಿ ಮೊಮ್ಮಗಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು.

ಹೊರಟಿದ್ದವರು ಬಾಗಿಲಲ್ಲೇ ನಿಂತಿದ್ದರು. ವಿಲ್ಮಾ ಎದ್ದು ನಿಂತು, ಲೀಲಾವತಿಯ ಒದ್ದೆ ಕೂದಲನ್ನು ಹಿಂದೆ ಸರಿಸಿ, ಬೆರಳನ್ನು ಭರಣಿಯಲ್ಲಿ ಅದ್ದಿದರು. ಲೀಲಾವತಿ ಕಣ್ಣು ಮುಚ್ಚಿ ಹಣೆಯನ್ನು ಮುಂದೆ ತಂದರು. ಬೊಟ್ಟು ನಡುವಿಗೆ ಬರದೆ ಎಡ ಹುಬ್ಬಿನತ್ತ ಜಾರಿ ಕೂತಿತು. ಪುಡಿ ಮೂಗಿನ ಮೇಲೆ ಉದುರಿತು.

ಅನಸೂಯಮ್ಮ ಟವೆಲು ಹಿಡಿದು ಹತ್ತಿರ ಬಂದರು. ಗೀತಾ ತಡೆಯಲು ಒಂದು ಹೆಜ್ಜೆ ಮುಂದಿಟ್ಟಳು. ಅನಸೂಯಮ್ಮ ಬಗ್ಗಿ, ಟವೆಲಿನ ಒಣಗಿದ ತುದಿಯಿಂದ ಲೀಲಾವತಿಯ ಎರಡೂ ಕೆನ್ನೆಗಳನ್ನು ಒರೆಸಿದರು. ಹಣೆಯನ್ನೂ ಮೂಗನ್ನೂ ಮುಟ್ಟಲಿಲ್ಲ.