ಕಿಣ್ವವಿಲ್ಲದ ನೀಲಿ

ಬರೀ ನೀರು ನೀಲಿಯಾಗಬಾರದಿತ್ತು.

ಜೀವಕೋಶದೊಳಗಿನ ಫಾಸ್ಫೇಟ್ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಕತ್ತರಿಸುವ ಕಿಣ್ವ ನನ್ನ ಥೀಸಿಸ್ಸಿನ ವಿಷಯ. ಕೊಂಡಿ ಕಳಚಿದಷ್ಟೂ ಬಿಡಿ ಫಾಸ್ಫೇಟ್. ಅದು ಹೆಚ್ಚಿದಷ್ಟೂ ನಳಿಕೆಯಲ್ಲಿ ನೀಲಿ ಬಣ್ಣ. ಮೂರು ವರ್ಷದಿಂದ ನನ್ನ ನಳಿಕೆಗಳು ಚೆನ್ನಾಗಿಯೇ ನೀಲಿಯಾಗುತ್ತಿದ್ದವು. ಥೀಸಿಸ್ ಒಪ್ಪಿಸಲು ಇನ್ನೊಂದು ವಾರ.

ಕಿಣ್ವ ಹಾಕುವ ನಳಿಕೆಗಳು ಗಾಜಿನವು, ತೊಳೆದು ಬಳಸುವಂಥವು. ಹೋಲಿಸಿ ನೋಡಲು ಇಡುವ ಬರೀ ನೀರಿಗೆ ಮಾತ್ರ ಪ್ರತಿ ಸಲ ಹೊಸ ಪ್ಲಾಸ್ಟಿಕ್ ನಳಿಕೆ; ಅದು ನನ್ನದೇ ಅಭ್ಯಾಸ. ಇವತ್ತು ಪ್ಲಾಸ್ಟಿಕ್ ಮುಗಿದಿತ್ತು. ನೀರನ್ನೂ ಗಾಜಿಗೇ ಹಾಕಿದ್ದೆ.

ತೊಳೆಯುವ ಕೋಣೆಗೆ ಓಡಿದೆ. ಚಿಕ್ಕಮ್ಮ ತೊಟ್ಟಿಯ ಮುಂದಿದ್ದಳು. ಮೂರು ವರ್ಷದ ಹಿಂದೆ ಅವಳಿಗೆ ಈ ಕೆಲಸ ಕೊಡಿಸಿದ್ದು ನಾನೇ. ಸಂಬಂಧ ಮಾತ್ರ ಲ್ಯಾಬಿನಲ್ಲಿ ಯಾರಿಗೂ ಹೇಳಿರಲಿಲ್ಲ.

"ಚಿಕ್ಕಮ್ಮಾ, ಇವನ್ನ ಯಾವುದ್ರಲ್ಲಿ ತೊಳೀತೀಯ?"

"ಯಾಕೇ, ಹರಳೆಣ್ಣೆ ಕುಡಿದೋರ ಥರ ಮುಖ? ಕೊಳೆ ಇದ್ಯಾ?"

"ಯಾವುದ್ರಲ್ಲಿ ಹೇಳು!"

"ಬೇರೆಯವರದ್ದಕ್ಕೆಲ್ಲ ಈ ಆಸಿಡ್ ನೀರೇ. ನಿನ್ನವಕ್ಕೆ ಮಾತ್ರ ಮನೆಯಿಂದ ಸೋಪಿನ ಪುಡಿ ತರ್ತೀನಿ." ದನಿ ತಗ್ಗಿಸಿ ನಕ್ಕಳು. "ಹೇಗೆ ಫಳಫಳ ಅನ್ನುತ್ತೆ ನೋಡು. ನಮ್ಮ ಹುಡುಗೀದು ಅಂತ ಇಷ್ಟಾದ್ರೂ ಬೇಡ್ವಾ?"

ಪೊಟ್ಟಣ ತಿರುಗಿಸಿ ಓದಿದೆ. ಮೂರನೆಯ ಸಾಲಿನಲ್ಲೇ ಫಾಸ್ಫೇಟ್.

ಹತ್ತು ನಳಿಕೆಗಳನ್ನು ಆಸಿಡ್ ನೀರಿನಲ್ಲಿ ನಾನೇ ತೊಳೆದೆ. ಕಿಣ್ವ ಹಾಕಿ ಅರ್ಧ ಗಂಟೆ ಕಾದೆ. ಒಂದೂ ನೀಲಿಯಾಗಲಿಲ್ಲ. ಕಿಣ್ವ ಎಂದೋ ಸತ್ತಿತ್ತು. ಅಥವಾ ಎಂದೂ ಬದುಕಿರಲೇ ಇಲ್ಲ.

ಗೈಡ್‌ಗೆ ಹೇಳಲೇಬೇಕಾಯಿತು. ಅವರು ನಳಿಕೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಮೂರು ವರ್ಷ ಸೋಪಿನ ಪುಡಿ ಅಳೀತಿದ್ಯೇನಮ್ಮಾ? ನೀರಿಗೊಂದು, ಕಿಣ್ವಕ್ಕೊಂದು ಬೇರೆ ಬೇರೆ ನಳಿಕೆ ಇಡು ಅಂದೋರು ಯಾರು? ಇವನ್ನ ತೊಳೆದೋರು ಯಾರು?"

ಬೇರೆ ಬೇರೆ ನಳಿಕೆ ಇಟ್ಟವಳು ನಾನೇ. ಕೊನೆಯ ಪ್ರಶ್ನೆಗಷ್ಟೇ ಬಾಯಿಬಿಟ್ಟೆ.

"ತೊಳೆಯೋ ಹೆಂಗಸು, ಸರ್. ಎಷ್ಟು ಹೇಳಿದ್ರೂ ತಲೆಗೆ ಹೋಗಲ್ಲ."

ಗೈಡ್ ನನ್ನ ಹಿಂದೆ ನೋಡಿದರು. ಬಾಗಿಲಲ್ಲಿ ಚಿಕ್ಕಮ್ಮ, ಕೈಯಲ್ಲಿ ಒಣಗಿದ ನಳಿಕೆಗಳ ಟ್ರೇ. ಅದನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟಳು. ಏಪ್ರನ್ ಬಿಚ್ಚಿ, ಮಡಚಿ, ಪಕ್ಕದಲ್ಲೇ ಇಟ್ಟಳು.

"ಹೌದು ಸರ್," ಎಂದಳು. "ಈ ಮೇಡಂ ಹೇಳಿದ್ರು. ನಾನೇ ಕೇಳ್ಲಿಲ್ಲ."