ಹದಿನಾಲ್ಕನೇ ನಂಬರಿನ ಗುಲಾಬಿ

ಕೆಲಸ ಕಳೆದುಕೊಂಡ ಗಂಡ ಹಾರಾಡಲಿ, ಕೂಗಾಡಲಿ, ಹೇಗೋ ತಡೆದುಕೊಳ್ಳಬಹುದು. ಬಾಯಿಗೆ ಬೀಗ ಹಾಕಿಕೊಂಡರೆ ಏನು ಮಾಡೋದು ಹೇಳಿ? ೨೦೦೯ರ ಚಳಿಗಾಲದಲ್ಲಿ ಶೈಲಾಗೆ ವಕ್ಕರಿಸಿದ್ದು ಇದೇ ಗ್ರಹಚಾರ. ಅಮೆರಿಕದ ಕ್ಯಾಂಟನ್ ಊರಿನ ಅವರ ಬಡಾವಣೆಯಲ್ಲಿ ಇನ್ನೂ ಎಷ್ಟೋ ಜನರ ಕೆಲಸ ಹೋಗಿತ್ತು. ಅವರೆಲ್ಲ ಕಂಪನಿಗಳಿಗೆ ಹಿಡಿಶಾಪ ಹಾಕುತ್ತ ಓಡಾಡಿದರು. ಕಾರಿನ ಪಾರ್ಟುಗಳನ್ನು ಟೆಸ್ಟ್ ಮಾಡುವ ಇಂಜಿನಿಯರ್ ಆಗಿದ್ದ ಚಂದ್ರಮೌಳಿ ಮಾತ್ರ ಸೋಫಾದ ಮೂಲೆ ಹಿಡಿದ. "ರೀ, ಊಟ" ಅಂದರೂ "ಹ್ಞೂಂ", "ರೀ, ಹಿಮ ಬೀಳ್ತಿದೆ" ಅಂದರೂ "ಹ್ಞೂಂ".

ಹಿಮ ಕರಗಿದ್ದೇ ತಡ, ಶೈಲಾ ಅವನನ್ನು ಒಂದು ಮಾತೂ ಕೇಳದೆ ಪಾರ್ಕಿನ ಗುಲಾಬಿ ತೋಟಕ್ಕೆ ವಾಲಂಟಿಯರ್ ಅಂತ ಅವನ ಹೆಸರು ಕೊಟ್ಟುಬಂದಳು. ಅಲ್ಲಿ ಇನ್ನೂ ಮಾರಾಟಕ್ಕೆ ಬಾರದ ಹೊಸ ತಳಿಗಳನ್ನು ನೆಟ್ಟು ಪರೀಕ್ಷೆ ಮಾಡುತ್ತಿದ್ದರು. ಗಿಡಗಳಿಗೆ ಹೆಸರಿಲ್ಲ, ಬರೀ ನಂಬರು. ಗೊಬ್ಬರ ಹಾಕುವಂತಿಲ್ಲ, ಔಷಧಿ ಹೊಡೆಯುವಂತಿಲ್ಲ. ತನ್ನ ಶಕ್ತಿಯಿಂದಲೇ ಬದುಕಿದರೆ ಪಾಸು, ಇಲ್ಲದಿದ್ದರೆ ಕಿತ್ತು ಬಿಸಾಡೋದೇ. ಇದನ್ನು ಕೇಳಿ ಚಂದ್ರಮೌಳಿ, "ನಮ್ಮ ಲ್ಯಾಬ್ ಥರಾನೇ ಇದೆ ಕಣೇ!" ಅಂದ. ಎಷ್ಟೋ ವಾರಗಳ ಮೇಲೆ ಅವನ ಬಾಯಿಂದ ಬಂದ ಪೂರ್ತಿ ಮಾತು ಅದು. ಶೈಲಾ ಮನಸ್ಸಿನಲ್ಲೇ ಚಾಮುಂಡಿಗೆ ಕೈಮುಗಿದಳು.

ಬೆಳಿಗ್ಗೆ ಹೊತ್ತು ಅವನು ಎಲೆ ನೋಡಿ, ಮೊಗ್ಗು ನೋಡಿ ಅಂಕ ಹಾಕುವನು. ಅವಳು ಬೆಂಚಿನ ಮೇಲೆ ಕೂತು ಕಾಯುವಳು. ಬೆಂಚಿನ ಪಕ್ಕದಲ್ಲೇ ಹದಿನಾಲ್ಕನೇ ನಂಬರು. ಎಲೆಯೆಲ್ಲ ಕರಿ ಚುಕ್ಕೆ, ಬಿಟ್ಟ ಮೊಗ್ಗೂ ಅರಳದೆ ಬಾಡುತ್ತಿತ್ತು.

"ಇದರ ಕಥೆ ಮುಗೀತು," ಅಂದ ಚಂದ್ರಮೌಳಿ ಒಂದು ದಿನ. "ಕೈಲಾಗದೇ ಇರೋದನ್ನ ಯಾರು ಇಟ್ಕೋತಾರೆ? ತೆಗೆದು ಹಾಕೋದೇ ಸರಿ." ಹಾಗೆ ಅಂದವನು ಗಿಡದ ಕಡೆ ನೋಡುತ್ತಿರಲಿಲ್ಲ, ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

ಸೊರಗಿದ ಗುಲಾಬಿ ಕಂಡರೆ ಮೈಸೂರಿನ ಹೆಂಗಸಿನ ಕೈ ಸುಮ್ಮನಿರುತ್ತದೆಯೇ? ಮರುದಿನದಿಂದ ಅವಳ ಬ್ಯಾಗಿನಲ್ಲಿ ಅಕ್ಕಿ ತೊಳೆದ ನೀರು, ಸೋಸಿದ ಟೀ ಚರಟ, ಎಲೆಗೆ ಚಿಮುಕಿಸಲು ನೀರು ಮಾಡಿದ ಹುಳಿ ಮಜ್ಜಿಗೆ. ಅವನು ಆಚೆ ಸಾಲಿಗೆ ಹೋದದ್ದೇ, ಅತ್ತ ಇತ್ತ ನೋಡಿ ಸುರಿಯುವಳು. "ಬದುಕ್ಕೋ ನಮ್ಮಮ್ಮ, ನಮ್ಮನೆಯವರು ನಿನ್ನನ್ನೇ ನೋಡ್ತಿದಾರೆ," ಅನ್ನುವಳು. ನಿಯಮ ಗೊತ್ತಿರಲಿಲ್ಲವೇ? ಚೆನ್ನಾಗೇ ಗೊತ್ತಿತ್ತು. ನಿಯಮ ಹಾಳು ಬಾವಿಗೆ ಬೀಳಲಿ ಅಂದುಕೊಂಡಿದ್ದಳು, ಅಷ್ಟೆ.

ಬೇಸಿಗೆ ಮುಗಿಯುವ ಹೊತ್ತಿಗೆ ಹದಿನಾಲ್ಕನೇ ನಂಬರು ಫಳಫಳ ಹೊಸ ಚಿಗುರು ಹೊಡೆದು, ಮಾವಿನ ಹಣ್ಣಿನ ಬಣ್ಣದ ಹೂವುಗಳನ್ನು ಹೊತ್ತು ನಿಂತಿತು. ಚಂದ್ರಮೌಳಿಯ ಸಂಭ್ರಮ ಕೇಳಬೇಡಿ! "ಯಾರ ಸಹಾಯನೂ ಇಲ್ದೆ ಎದ್ದು ನಿಂತ್ಕೊಂತು ನೋಡೇ!" ಅಂತ ಮನೆಯಲ್ಲೂ ಅದೇ ಮಾತು. ಎರಡು ಹೊತ್ತೂ ಸಾರು ಕೇಳಿ ಹಾಕಿಸಿಕೊಂಡ. ಕೆಲಸಕ್ಕೆ ಅಪ್ಲೈ ಮಾಡಲು ಶುರು ಮಾಡಿದ. "ನಾಳೆ ಕೊನೇ ಅಂಕ. ಫಸ್ಟ್ ಇದಕ್ಕೇ," ಅಂದ.

ಶೈಲಾ ಅರ್ಧ ಊಟಕ್ಕೇ ಎದ್ದು ಕೈ ತೊಳೆದಳು. ಹೇಳಿದರೆ ಮನುಷ್ಯ ಮತ್ತೆ ಸೋಫಾದ ಮೂಲೆಗೇ. ಹೇಳದಿದ್ದರೆ? ಬಾಸ್ ಬೈದರೂ ಕೆಟ್ಟ ಪಾರ್ಟನ್ನು ಒಮ್ಮೆಯೂ ಪಾಸು ಮಾಡದವನು, ಈಗ ಹೆಂಡತಿಯ ಕಳ್ಳತನಕ್ಕೆ ತನ್ನ ಹೆಸರು ಹಾಕಿ ಕೊಡುತ್ತಾನೆ.

ಬೆಳಿಗ್ಗೆ ಅವನು ಪೆನ್ನು ತೆಗೆದಾಗ ಅವಳು ಕೈ ಹಿಡಿದಳು. "ರೀ, ಬರೀಬೇಡಿ. ಅದು ತಾನಾಗೇ ಎದ್ದಿದ್ದಲ್ಲ." ಅಕ್ಕಿ ನೀರಿನಿಂದ ಮಜ್ಜಿಗೆಯವರೆಗೆ ಎಲ್ಲ ಹೇಳಿದಳು.

ಚಂದ್ರಮೌಳಿ ಪೆನ್ನು ಜೇಬಿಗಿಟ್ಟ. ತೋಟದ ಮೇಲ್ವಿಚಾರಕಿ ಡಾರ್ಲೀನ್ ಹತ್ತಿರ ಹೋಗಿ ವಿಷಯ ಹೇಳಿದ, ಗುದ್ದಲಿ ತಂದ, ತಾನೇ ಅಗೆದು ಗಿಡ ತೆಗೆದ. ಶೈಲಾ ಸೆರಗಿಲ್ಲದ್ದಕ್ಕೆ ಜಾಕೆಟ್ಟಿನ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

ವಾಪಸು ಬರುವಾಗ ಹೈವೇಯಲ್ಲಿ ಮನೆ ಕಡೆ ತಿರುಗುವ ಎಕ್ಸಿಟ್ ಬಂತು. ಅವನು ಕಾರು ತಿರುಗಿಸಲಿಲ್ಲ. ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು ಇಂಡಿಯನ್ ಸ್ಟೋರಿನ ಎದುರು ನಿಲ್ಲಿಸಿದ.

"ಯಾಕೆ ಹಾಕ್ದೆ?"

"ಕಣ್ಣೆದುರಿಗೇ ಸೊರಗೋದನ್ನ ನೋಡಿ ನೋಡಿ ಸಾಕಾಗಿತ್ತು ರೀ. ಮನೇಲೂ ಅದೇ, ಅಲ್ಲೂ ಅದೇ."

"ಅಷ್ಟು ಕಾಣ್ತಿತ್ತಾ?"

"ಕಾಣದೇ ಇರಕ್ಕೆ ನಾನೇನು ಕುರುಡೀನಾ?"

ಅವನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತ. ಕೆಲಸ ಹೋದ ದಿನವೂ ಅಳದವನು ಭುಜ ಕುಲುಕುವಂತೆ ಅತ್ತ. ಶೈಲಾ ಅವನ ಬೆನ್ನು ಸವರುತ್ತ ಕೂತಳು. ತರಕಾರಿ ತುಂಬಿದ ಶಾಪಿಂಗ್ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಯಾರೋ ಆಂಟಿ ಇಣುಕಿ ನೋಡಿದರು. ನೋಡಲಿ ಬಿಡಿ.

ಕೊನೆಗೆ ಮೂಗೊರೆಸಿಕೊಂಡು ಅವನು ಅವಳ ಕಡೆ ತಿರುಗಿದ.

"ನಾನೂ ನಾನಾಗೇ ಎದ್ದೆ ಅಂದ್ಕೊಂಡಿದ್ದೆ ಕಣೇ," ಅಂದ.