ಕೊಳದ ದೀಪಕ್ಕೆ ಹಾಕಿದ ಬೀಗ

“ಕಫನ್‌ಗೆ ಜೇಬಿರಲ್ಲ, ತಗೊಳ್ಳಮ್ಮ,” ಎಂದು ಹೆಣದ ಮೈ ತೊಳೆಯುತ್ತಿದ್ದ ಮುದುಕ ಪರದೆಯ ಸಂದಿಯಿಂದ ಕೈ ಚಾಚಿದ. ಶೀ ಅಥ್ಮಾನನ ಕೊರಳಲ್ಲಿದ್ದ ಬೀಗದ ಕೈ ದಾರದ ಸಮೇತ ಹೆಂಡತಿ ಮ್ವನಾಹಾಮಿಸಿಯ ಅಂಗೈಗೆ ಬಿತ್ತು. ನಸುಕಿನ ನಮಾಜಿಗೆ ಎದ್ದವನು ಹೊಸ್ತಿಲಲ್ಲೇ ಕುಸಿದಿದ್ದ. ಕೊಟ್ಟವನೇ ಕರೆದುಕೊಂಡ. ಮಧ್ಯಾಹ್ನದ ನಮಾಜು ಮುಗಿದರೆ ಮಣ್ಣು.

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

“ಇಪ್ಪತ್ತು ವರ್ಷ ಆ ಹೋಟೆಲ್ ಈಜುಕೊಳದ ದೀಪ ನೋಡ್ಕೊಂಡ. ಒಂದಿನ ಒಣ ಪ್ಯಾಂಟಲ್ಲಿ ಮನೆಗೆ ಬಂದಿದ್ದುಂಟಾ?” ಎಂದಳು ನೆರೆಯ ರುಕಿಯಾ. “ಕೊಕ್ಕರೆ ಅಂತಿದ್ವಿ.” ಅಳುತ್ತಿದ್ದವರೂ ನಕ್ಕರು.

“ನಿನ್ನೆ ಒಣಗೇ ಬಂದ್ರು,” ಎಂದಳು ಮ್ವನಾಹಾಮಿಸಿ.

*

ನಿನ್ನೆ ಸಂಜೆ ಅವಳು ತೆಂಗಿನ ಹಾಲು ಹಿಂಡುತ್ತಿದ್ದಳು.

“ಏನ್ರೀ, ಕೊಕ್ಕರೆ ಇವತ್ತು ನೀರಿಗಿಳೀಲಿಲ್ವಾ?”

“ಒಂದು ದೀಪದೊಳಗೆ ನೀರು ಹೋಗಿದೆ. ಹಚ್ಚಿದ್ರೆ ಕರೆಂಟು ಕೊಳಕ್ಕೇ ಸೋರುತ್ತೆ. ಸ್ವಿಚ್ಚಿಗೆ ನನ್ನ ಬೀಗ ಜಡಿದಿದೀನಿ. ಹಾಕಿದವನೇ ತೆಗೀಬೇಕು.”

“ಕರೆಂಟು ಸೋರೋದು ತೋರ್ಸೋ ಮೀಟರು ಇರುವಾಗ ದಿನಾ ನೀವ್ಯಾಕೆ ಇಳೀಬೇಕು?”

“ಮೀಟರು ಸರಿ ಅಂದ ಮೇಲೇ ಇಳಿಯೋದು ಕಣೇ. ಆದ್ರೂ ಬೇರೆಯವರ ಮಕ್ಕಳಿಗಿಂತ ಮುಂಚೆ ನನ್ನ ಕಾಲು.”

*

ಬಾಗಿಲ ಪರದೆಯಾಚೆ ಹೋಟೆಲಿನ ಮ್ಯಾನೇಜರ್ ನಾಸೊರೋ ಕೆಮ್ಮಿದ.

“ತಾಯಿ, ಕೇಳೋ ಹೊತ್ತಲ್ಲ ಇದು. ಸಂಜೆ ಮದುವೆ, ನಲವತ್ತು ಮಕ್ಕಳು ಕೊಳಕ್ಕಿಳೀತಾರೆ. ದೀಪ ಬೇಕೇ ಬೇಕು. ಬೀಗದ ಕೈ ಕೊಡಿ, ಇಲ್ಲಾಂದ್ರೆ ಮಾಲೀಕರು ಒಡೆಸ್ತಾರೆ.”

ಅವಳ ಮುಷ್ಟಿ ಬಿಗಿಯಾಯಿತು. ಕೊಡದಿದ್ದರೆ ಬೀಗ ಉಳಿಯದು. ಹಾಗೇ ಕೊಟ್ಟರೆ ಮಕ್ಕಳು ಉಳಿಯರು.

“ಕೊಡ್ತೀನಿ ಸಾಹೇಬ್ರೇ. ಮಣ್ಣಾದ್ಮೇಲೆ ಇವರ ಜೊತೆಗಾರ ಕಜುಂಗು ಕೆಟ್ಟ ದೀಪದ ತಂತಿ ಬಿಡಿಸ್ಲಿ, ಮೀಟರು ಹಿಡೀಲಿ. ಅದು ಸರಿ ಅಂದ್ಮೇಲೆ ಮೊದಲು ನೀವು ಇಳೀರಿ. ನಮ್ಮನೆ ಪದ್ಧತಿ.”

“ನಾನಾ?”

“ಇನ್ಯಾರು? ಇಳಿಯೋರು ಹೋದ್ರಲ್ಲ.”

ನಾಸೊರೋ ತನ್ನ ಇಸ್ತ್ರಿಯ ಬಿಳಿ ಪ್ಯಾಂಟು ನೋಡಿಕೊಂಡ. ಮತ್ತೆ ಬೀಗದ ಕೈಗಾಗಿ ಕೈ ಚಾಚಿದ.

ಹೆಗಲುಗಳ ಮೇಲೆ ಜನಾಜ ಎದ್ದಿತು. ಗಂಡಸರ ಕಲಿಮಾ ಓಣಿಯ ತಿರುವಿನಲ್ಲಿ ಕರಗಿತು. ಆಮೇಲೆ ಬೈಕಿನ ಸದ್ದಾದಾಗಲೆಲ್ಲ ಮ್ವನಾಹಾಮಿಸಿ ಎದ್ದು ನಿಂತಳು. “ಕೂರೇ, ಒಂದು ಗುಟುಕು ಚಹಾ ಕುಡಿ,” ಎಂದು ರುಕಿಯಾ ಗದರಿದಳು. ಹಗ್ಗದ ಮೇಲೆ ಅವನ ನಿನ್ನೆಯ ಪ್ಯಾಂಟು ಗಾಳಿಗೆ ಹೊಡೆದುಕೊಳ್ಳುತ್ತಿತ್ತು.

ಮುಸ್ಸಂಜೆಯ ಬಾಂಗಿನ ಹೊತ್ತಿಗೆ ಹೊಸ್ತಿಲಲ್ಲಿ ಯಾರೋ ಚಪ್ಪಲಿ ಬಿಟ್ಟರು. ಪರದೆಯಡಿಯಿಂದ ಒಂದು ಕೈ ಬೀಗದ ಕೈಯನ್ನು ಚಾಪೆಯ ಅಂಚಿಗಿಟ್ಟಿತು. ಅವಳಿಗೆ ಕಂಡದ್ದು ಮೊಣಕಾಲ ಕೆಳಗಷ್ಟೇ: ಬಿಳಿ ಪ್ಯಾಂಟು ಕಾಲಿಗೆ ಅಂಟಿಕೊಂಡಿತ್ತು, ಅಂಚಿನಿಂದ ನೀರು ಹೊಸ್ತಿಲಿಗೆ ತೊಟ್ಟಿಕ್ಕುತ್ತಿತ್ತು.